ಬರಿಗಾಲಿನ ಧರ್ಮಗುರು: ನಮ್ಮ ಕರಾವಳಿಯಲ್ಲಿ ನಡೆದಾಡಿದ ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಅಂದು ನಮ್ಮ ಚರ್ಚುಗಳಲ್ಲಿ ಅವರ ಪ್ರತಿಮೆಗೆ ಹೂಮಾಲೆ ಹಾಕುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ. ಪ್ರತಿಮೆಗಳಲ್ಲಿ, ಚಿತ್ರಪಟಗಳಲ್ಲಿ ಅವರು ಕಪ್ಪು ನಿಲುವಂಗಿ ತೊಟ್ಟು, ಕೈಯಲ್ಲಿ ಶಿಲುಬೆ ಹಿಡಿದು ನಿಂತಿರುತ್ತಾರೆ. ಆದರೆ 1687ರಲ್ಲಿ ಶ್ರೀಲಂಕಾದ ಜಾಫ್ನಾ ದಡದಲ್ಲಿ ಇಳಿದಾಗ ಅವರ ಮೈಮೇಲೆ ನಿಲುವಂಗಿ ಇರಲಿಲ್ಲ. ಕೂಲಿಯಾಳು ಉಡುವ ಬಟ್ಟೆ ಉಟ್ಟು, ಭೇದಿಯಿಂದ ಬಳಲಿ, ನಿಲ್ಲಲೂ ತ್ರಾಣವಿಲ್ಲದೆ ಅವರು ಬಂದಿದ್ದರು. ಧರ್ಮಗುರು ಎಂದು ಗುರುತಿಸುವ ಯಾವ ಚಿಹ್ನೆಯೂ ಅವರಲ್ಲಿ ಕಾಣುವಂತಿರಲಿಲ್ಲ. ಆದರೂ ಆ ದ್ವೀಪದಲ್ಲಿ ನಂದಿಹೋಗುತ್ತಿದ್ದ ವಿಶ್ವಾಸದ ದೀಪ ಮತ್ತೆ ಹೊತ್ತಿಕೊಂಡದ್ದು ಅವರಿಂದಲೇ.

ಶ್ರೀಲಂಕಾದ ಪ್ರೇಷಿತರೆಂದು ಲೋಕವೆಲ್ಲ ಅವರನ್ನು ಬಲ್ಲದು. ಅದಕ್ಕೂ ಮೊದಲು, 1681ರಿಂದ 1684ರವರೆಗೆ, ಅವರು ನಮ್ಮ ಕೆನರಾದ ಧರ್ಮಗುರುವಾಗಿದ್ದರು ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ನಾವು ಮರೆಯಬಾರದು. ಮುಂದೆ ಶ್ರೀಲಂಕಾದಲ್ಲಿ ಅವರು ಹೇಗೆ ಬಾಳಿದರೋ ಅದರ ಅಭ್ಯಾಸ ಇಲ್ಲಿನ ಮಣ್ಣಿನಲ್ಲೇ ಆಗಿತ್ತು.

ದಾಸ್ಯಪತ್ರ ಬರೆದ ಯುವ ಯಾಜಕ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಳಿ ಗ್ರಾಮದಲ್ಲಿ. ಅದು ತಾಯಿ ಮರಿಯಾ ದೆ ಮಿರಾಂದ ಅವರ ಊರು. ತಂದೆ ಕ್ರಿಸ್ತೊವಾಂವ್ ವಾಜ್ ಅವರದು ಸಾಂಕ್ವಾಳ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಮನೆ ಅನುಕೂಲವಂತರದು, ಕುಲದ ಲೆಕ್ಕದಲ್ಲಿಯೂ ಗೋವಾದ ಕ್ರೈಸ್ತ ಸಮಾಜದಲ್ಲಿ ಮೇಲಿನ ಸ್ಥಾನದ್ದು. ಬಾಲಕ ಜೋಸೆಫ್ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತರು. ಬಳಿಕ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪಾವ್ಲರ ಕಾಲೇಜಿನಲ್ಲಿ ಓದಿದರು. ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಡೊಮಿನಿಕನ್ ಗುರುಗಳ ಸಂತ ತೋಮಸ್ ಅಕ್ವಿನಾಸ್ ವಿದ್ಯಾಸಂಸ್ಥೆಯಲ್ಲಿ ಮುಗಿಸಿ, 1676ರಲ್ಲಿ ಯಾಜಕದೀಕ್ಷೆ ಪಡೆದರು.

ಆ ದಿನಗಳ ಗೋವಾದಲ್ಲಿ ಯಾಜಕರಾಗುವುದೆಂದರೆ ಗೌರವಕ್ಕೆ, ಅನುಕೂಲಕ್ಕೆ ಕೊರತೆ ಇರಲಿಲ್ಲ. ಒಳ್ಳೆಯ ಪ್ರವಚನಕಾರ ಎಂಬ ಹೆಸರು ಫಾ. ವಾಜ್ ಅವರಿಗೆ ಬೇಗನೆ ಬಂತು. ಪಾಪನಿವೇದನೆಗೆ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ದೀಕ್ಷೆಯಾದ ಸ್ವಲ್ಪ ಕಾಲದಲ್ಲೇ ಅವರು ಪಾದರಕ್ಷೆ ಬಿಟ್ಟು, ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಲ್ಯಾಟಿನ್ ಶಾಲೆ ತೆರೆದು, ಯಾಜಕರಾಗಲು ಬಯಸುವ ಊರ ಹುಡುಗರಿಗೆ ಪಾಠ ಹೇಳಿದರು.

1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು ಸಹಿ ಹಾಕಿದರು. ತಾನು ಮಾತೆ ಮರಿಯಮ್ಮನವರ ಗುಲಾಮ ಎಂದು ಒಪ್ಪಿಕೊಂಡ ದಾಸ್ಯಪತ್ರ ಅದು. ಕನ್ನಡ ನಾಡಿನಲ್ಲಿ ದಾಸ ಎಂಬ ಪದಕ್ಕೆ ಭಕ್ತಿಯ ಹಿರಿಮೆ ಇದೆ. ಆದರೆ ಅಂದಿನ ಗೋವಾದಲ್ಲಿ ಗುಲಾಮರೆಂದರೆ ಹಣ ಕೊಟ್ಟು ಕೊಳ್ಳುವ, ಮಾರುವ ಮನುಷ್ಯರು. ಸ್ವಂತದ್ದೆಂದು ಏನೂ ಇಲ್ಲದವರು. ಉತ್ತಮ ಕುಲದ, ವಿದ್ಯಾವಂತ ಯಾಜಕರೊಬ್ಬರು ತಮ್ಮ ಹೆಸರಿನ ಮುಂದೆ ಆ ಪದವನ್ನು ತಾವೇ ಇಟ್ಟುಕೊಂಡರು. ಅವರಿಗಿದು ಒಂದು ದಿನದ ಭಕ್ತಿಯ ಆವೇಶವಾಗಿರಲಿಲ್ಲ, ಮುಂದಿನ 33 ವರ್ಷಕ್ಕೂ ಹೆಚ್ಚು ಕಾಲ ಆ ಪತ್ರದಂತೆಯೇ ಬಾಳಿದರು.

ಕುರುಬರಿಲ್ಲದ ಕುರಿಮಂದೆ

ಶ್ರೀಲಂಕಾದಲ್ಲಿ ಕಥೋಲಿಕರು ಯಾಜಕರಿಲ್ಲದೆ ನರಳುತ್ತಿದ್ದಾರೆ ಎಂಬ ಸುದ್ದಿ ಆಗಲೇ ಅವರ ಮನಸ್ಸನ್ನು ಕಲಕಿತ್ತು. ಅಲ್ಲಿಗೆ ಹೋಗಲು ಅಪ್ಪಣೆ ಕೇಳಿದರು. ಗೋವಾದ ಕಥೆದ್ರಲಿನ ಯಾಜಕ ಮಂಡಳಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ. 1681ರಲ್ಲಿ ಅವರು ಕೆನರಾ ಮಿಶನಿನ ಮುಖ್ಯಗುರುವಾಗಿ ಬಂದರು.

ಅಂದು ನಮ್ಮ ನಾಡು ಕೆಳದಿ ಅರಸರ ಆಳ್ವಿಕೆಯಲ್ಲಿತ್ತು. ಸಿಂಹಾಸನದಲ್ಲಿ ಇದ್ದವರು ರಾಣಿ ಚೆನ್ನಮ್ಮಾಜಿ. ಅದಕ್ಕೆ ಸುಮಾರು 30 ವರ್ಷ ಮೊದಲೇ ಶಿವಪ್ಪ ನಾಯಕರು ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ್ದರು. ಕೋಟೆಗಳ ಆಸರೆಯಲ್ಲಿ ಬೆಳೆದಿದ್ದ ಚರ್ಚುಗಳು ಆ ಗಲಭೆಯಲ್ಲಿ ದಿಕ್ಕೆಟ್ಟವು. 1678ರ ಒಪ್ಪಂದದ ಬಳಿಕ ಕೆಲವು ಕಡೆ ಮತ್ತೆ ಚರ್ಚು ಕಟ್ಟಲು ಅವಕಾಶವಾಯಿತು. ಈಗ ಉಡುಪಿ ಧರ್ಮಪ್ರಾಂತ್ಯದ ಕಥೆದ್ರಲ್ ಆಗಿರುವ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ ಆರಂಭವೂ 1678ರಲ್ಲೇ.

ಇಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ಗೋವಾದಿಂದ ಬಂದು ನೆಲೆಸಿದ ಕೊಂಕಣಿ ಮಾತೃಭಾಷೆಯ ರೈತರು. ಕ್ಷಾಮ, ಯುದ್ಧ, ತೆರಿಗೆ, ವಿಚಾರಣಾ ನ್ಯಾಯಾಲಯದ ಭಯ, ಹೀಗೆ ನಾನಾ ಕಾರಣಗಳಿಂದ ಊರು ಬಿಟ್ಟು ಬಂದಿದ್ದರು. ಬೇಸಾಯ ಬಲ್ಲ ಅವರಿಗೆ ಕೆಳದಿಯ ಅರಸರು ಜಾಗ ಕೊಟ್ಟಿದ್ದರು. ಗದ್ದೆ ಇತ್ತು, ದುಡಿಮೆ ಇತ್ತು. ಆದರೆ ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು, ಸಾಯುವವರ ಬಳಿ ಕುಳಿತು ಪ್ರಾರ್ಥಿಸಲು ಯಾಜಕರು ಸಾಕಷ್ಟು ಇರಲಿಲ್ಲ.

ಅಧಿಕಾರದ ಜಗಳದ ನಡುವೆ

ಯಾಜಕರ ಕೊರತೆಗಿಂತ ದೊಡ್ಡದಾದ ಇನ್ನೊಂದು ಸಂಕಟವಿತ್ತು. ಪೂರ್ವ ದೇಶಗಳ ಧರ್ಮಸಭೆಯ ಪೋಷಣೆಯ ಹಕ್ಕನ್ನು ಪೋಪರು ಹಿಂದೆ ಪೋರ್ಚುಗಲ್ಲಿನ ದೊರೆಗೆ ವಹಿಸಿದ್ದರು. ಇದೇ ಪದ್ರುವಾದೊ. ಮುಂದೆ ಪೋರ್ಚುಗಲ್ಲಿನ ಶಕ್ತಿ ಕುಂದಿದಾಗ, 1622ರಲ್ಲಿ ರೋಮಿನಲ್ಲಿ ವಿಶ್ವಾಸ ಪ್ರಸಾರದ ಮಂಡಳಿ, ಅಂದರೆ ಪ್ರೊಪಗಾಂದ, ಸ್ಥಾಪನೆಯಾಯಿತು. ಹೀಗೆ ಕೆನರಾಕ್ಕೆ ಇಬ್ಬರು ಒಡೆಯರಾದರು. ಒಂದು ಕಡೆ ಗೋವಾದ ಮಹಾಧರ್ಮಪ್ರಾಂತ್ಯ, ಇನ್ನೊಂದು ಕಡೆ ರೋಮಿನಿಂದ ನೇಮಕಗೊಂಡು ಮಂಗಳೂರಿನಲ್ಲಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಅವರೂ ಗೋವಾದವರೇ.

ಪತ್ರ, ಮುದ್ರೆ, ಬಿರುದುಗಳ ಈ ಜಗಳದಲ್ಲಿ ನೊಂದವರು ಸಾಮಾನ್ಯ ಜನ. ಇವರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೋ, ಅವರ ಕೈಯಿಂದ ಪಡೆದದ್ದೋ ಎಂಬ ಗೊಂದಲ. ಬಹಿಷ್ಕಾರದ ಬೆದರಿಕೆಗಳು ಬೇರೆ. ಎರಡು ಪಕ್ಷಗಳಿಗೂ ತಮ್ಮ ಹಕ್ಕೇ ದೇವರ ಹಕ್ಕು ಎಂಬ ದೃಢ ನಂಬಿಕೆ. ಈ ನಡುವೆ ದೂರದ ಹಳ್ಳಿಯಲ್ಲಿ ಒಬ್ಬ ರೈತ ಪಾಪನಿವೇದನೆ ಇಲ್ಲದೆ ಸತ್ತರೆ ಅದರ ಲೆಕ್ಕ ಯಾರ ಪುಸ್ತಕದಲ್ಲೂ ಬರುತ್ತಿರಲಿಲ್ಲ.

ಫಾ. ವಾಜ್ ಅವರನ್ನು ಕಳುಹಿಸಿದ್ದು ಗೋವಾ. ಗೋವಾದ ಹಕ್ಕನ್ನು ಎತ್ತಿಹಿಡಿಯಬೇಕಾದ ಹೊಣೆ ಅವರ ಹೆಗಲ ಮೇಲಿತ್ತು. ಆಗ ಅವರಿಗೆ 30 ವರ್ಷ. ಜಗಳಕ್ಕೆ ನಿಂತಿದ್ದರೆ ಗೋವಾದಲ್ಲಿ ಹೊಗಳಿಕೆ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಧರ್ಮಾಧ್ಯಕ್ಷ ಕಾಸ್ತ್ರೊ ಅವರನ್ನು ಸ್ವತಃ ಕಂಡು ಗೌರವ ಸಲ್ಲಿಸಿದರು. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವವರೆಗೆ ಬಹಿಷ್ಕಾರಗಳನ್ನು ಹೊರಡಿಸದಂತೆ, ಜನರ ಆತ್ಮಗಳಿಗೆ ತೊಂದರೆಯಾಗದಂತೆ ಕೇಳಿಕೊಂಡರು. ಸ್ವಪಕ್ಷದವರಿಗೆ ಇದು ರುಚಿಸುವ ಮಾತಾಗಿರಲಿಲ್ಲ. ವಿವಾದವೂ ಅವರ ಕಾಲದಲ್ಲಿ ಮುಗಿಯಲಿಲ್ಲ, ಇನ್ನೂ ತಲೆಮಾರುಗಳ ಕಾಲ ಎಳೆಯಿತು. ಆದರೆ ಅವರು ಮಾತ್ರ ಅದರ ಸುಳಿಯಲ್ಲಿ ಸಿಕ್ಕಿಕೊಳ್ಳದೆ ಜನರ ಕಡೆಗೆ ಹೊರಟರು.

ಹೊಳೆ ದಾಟಿ ಮನೆಮನೆಗೆ

ಇಂದು ಶಿರೂರಿನಿಂದ ಬ್ರಹ್ಮಾವರಕ್ಕೆ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ನಮಗೆ ಹೊಳೆಗಳ ಲೆಕ್ಕವೇ ಸಿಗುವುದಿಲ್ಲ, ಒಂದಾದ ಮೇಲೊಂದು ಸೇತುವೆ ದಾಟಿಬಿಡುತ್ತೇವೆ. 1681ರಲ್ಲಿ ಪ್ರತಿಯೊಂದು ಹೊಳೆಯೂ ಒಂದು ಕಡವು. ಸೌಪರ್ಣಿಕಾ, ಚಕ್ರಾ, ವಾರಾಹಿಗಳೆಲ್ಲ ಕೂಡಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರ ಸೇರುವ ನೀರು, ದಕ್ಷಿಣಕ್ಕೆ ಸೀತಾ, ಇನ್ನೂ ಕೆಳಗೆ ಸ್ವರ್ಣಾ. ದೋಣಿಗೆ ಕಾಯಬೇಕು. ಮಳೆಗಾಲವಾದರೆ ದೋಣಿಯೂ ಸಿಗದು. ಇಂಥ ನಾಡಿನಲ್ಲಿ ಬರಿಗಾಲಿನ ಒಬ್ಬ ಧರ್ಮಗುರು ಮೂರು ವರ್ಷ ಓಡಾಡಿದರು.

ಬಿದ್ದುಹೋಗಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಲು ಜನರನ್ನು ಹುರಿದುಂಬಿಸಿದರು. ಮಕ್ಕಳಿಗಾಗಿ ಸಣ್ಣ ಶಾಲೆಗಳನ್ನು ತೆರೆದರು. ಜನಸಾಮಾನ್ಯರ ಭಕ್ತಿ ಸಂಘಗಳನ್ನು ಕಟ್ಟಿದರು. ಇದರ ಮಹತ್ವವನ್ನು ನಮ್ಮ ಚರ್ಚ್ ಪಾಲನಾ ಮಂಡಳಿಯವರು, ವಾಳೆಯ ಗುರಿಕಾರರು ಗಮನಿಸಬೇಕು. ಯಾಜಕ ವರ್ಷಕ್ಕೊಮ್ಮೆ ಬರುವ ಊರಿನಲ್ಲಿ ಪ್ರಾರ್ಥನೆ ನಡೆಸುವವರು, ಮಕ್ಕಳಿಗೆ ಧರ್ಮೋಪದೇಶ ಹೇಳುವವರು, ರೋಗಿಗಳನ್ನು ನೋಡಿಕೊಳ್ಳುವವರು ಊರವರೇ ಆಗಬೇಕು. ತಾನಿಲ್ಲದಿದ್ದರೂ ನಡೆಯುವಂತೆ ಕೆಲಸವನ್ನು ಊರವರ ಕೈಗೊಪ್ಪಿಸುವುದು ವಾಜ್ ಅವರ ರೀತಿ. ಹೆಸರು ಬೇಕೆನ್ನುವವರಿಗೆ ಇದು ಸುಲಭವಲ್ಲ.

ನಮ್ಮ ಧರ್ಮಪ್ರಾಂತ್ಯದ ಅತಿ ಹಳೆಯ ಚರ್ಚುಗಳಲ್ಲಿ ಒಂದಾದ ಕುಂದಾಪುರದ ಹೋಲಿ ರೋಜರಿ ಚರ್ಚಿನಲ್ಲಿ ಅವರ ನೆನಪು ಇಂದಿಗೂ ಜೀವಂತವಾಗಿದೆ. ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಅವರು ಭಾವಪರವಶರಾಗಿ ನೆಲದಿಂದ ಮೇಲೆದ್ದಿದ್ದನ್ನು ಕಂಡವರಿದ್ದರು ಎಂಬ ಮಾತು ಹಿರಿಯರಿಂದ ಕಿರಿಯರಿಗೆ ಹರಿದು ಬಂದಿದೆ. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿಯೂ ಅವರ ಹೆಸರಿನ ಪುಣ್ಯಕ್ಷೇತ್ರವಿದ್ದು, ಅಲ್ಲಿಯೂ ಪವಾಡದ ಐತಿಹ್ಯವಿದೆ. ಈ ನೆನಪುಗಳನ್ನು ನಾವು ಪ್ರೀತಿಯಿಂದ ಕಾಪಾಡಿಕೊಳ್ಳೋಣ. ಆದರೆ ಅವರು ನೆಲದಿಂದ ಎಷ್ಟು ಮೇಲೆದ್ದರು ಎಂದು ಕೇಳುವ ನಾವು, ಅದೇ ನೆಲದ ಮೇಲೆ ಎಷ್ಟು ದೂರ ನಡೆದರು ಎಂದೂ ಕೇಳಬೇಕು. ಪ್ರಾರ್ಥನೆಯಲ್ಲಿ ಮೇಲೆದ್ದವರು ಮರುದಿನ ಬೆಳಿಗ್ಗೆ ಕಡವಿನಲ್ಲಿ ದೋಣಿಗೆ ಕಾಯುತ್ತ ನಿಂತಿರುತ್ತಿದ್ದರು. ಎರಡೂ ಒಂದೇ ಭಕ್ತಿ.

ಪದವಿ ಬಿಟ್ಟು ಹೊರಟ ಶ್ರೇಷ್ಠಗುರು

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಹಳೆ ಗೋವಾದ ಬೊವಾ ವಿಸ್ತಾ ಗುಡ್ಡದ ಮೇಲೆ, ಪವಾಡಗಳ ಪವಿತ್ರ ಶಿಲುಬೆಯ ಚರ್ಚಿನಲ್ಲಿ ಕೆಲವು ಸ್ಥಳೀಯ ಯಾಜಕರು ಒಟ್ಟಾಗಿ ಬಾಳಲು ಆರಂಭಿಸಿದ್ದರು. ಅಂದಿನ ಗೋವಾದಲ್ಲಿ ಯೂರೋಪಿನ ಸನ್ಯಾಸ ಸಭೆಗಳು ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1685ರಲ್ಲಿ ಫಾ. ವಾಜ್ ಈ ಪುಟ್ಟ ಗುಂಪನ್ನು ಸೇರಿದರು, ಅದೇ ವರ್ಷ ಅದರ ಶ್ರೇಷ್ಠಗುರುವಾಗಿ ಆಯ್ಕೆಯಾದರು. ರೋಮಿನ ಸಂತ ಫಿಲಿಪ್ ನೇರಿಯವರ ಒರೆಟೋರಿಯೊ ಸಭೆಯ ನಿಯಮಗಳನ್ನು ಅದಕ್ಕೆ ಅಳವಡಿಸಲಾಯಿತು. ನಮ್ಮ ಬಸ್ರೂರಿನ ಚರ್ಚಿನ ಪಾಲಕರೂ ಇದೇ ಸಂತ ಫಿಲಿಪ್ ನೇರಿ. ಭಕ್ತಿಯ ಗತ್ತು ಕಂಡರೆ ನಗೆಯಾಡಿ ಅದನ್ನು ಕಳಚುತ್ತಿದ್ದ ಸಂತರು ಅವರು.

ಈ ಸಭೆಗೂ ಅದರ ಕಾಲದ ಮಿತಿ ಅಂಟಿಕೊಂಡಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬ್ರಾಹ್ಮಣ ಮೂಲದ ಕುಟುಂಬಗಳ ಯಾಜಕರಿಗೆ ಮಾತ್ರ ಅದರಲ್ಲಿ ಪ್ರವೇಶವಿತ್ತು. ಪರಕೀಯರು ಹೊರಗಿಟ್ಟರು ಎಂದು ನೊಂದವರೇ ತಮ್ಮವರಲ್ಲಿ ಕೆಲವರನ್ನು ಹೊರಗಿಟ್ಟರು. ಆದರೆ ಅದರ ಶ್ರೇಷ್ಠಗುರು ಮುಂದಿನ ಬದುಕನ್ನು ಕಳೆದದ್ದು ಕೂಲಿಗಳ, ಬೆಸ್ತರ, ರೋಗಿಗಳ ಗುಡಿಸಲುಗಳಲ್ಲಿ.

1686ರಲ್ಲಿ ಅವರು ಶ್ರೇಷ್ಠಗುರುವಿನ ಸ್ಥಾನ ಬಿಟ್ಟುಕೊಟ್ಟು ಶ್ರೀಲಂಕಾಕ್ಕೆ ಹೊರಟರು. ಜಾನ್ ಎಂಬ ಯುವ ಸೇವಕ ಜೊತೆಗಿದ್ದ. ದಾರಿಯಲ್ಲಿ ಮತ್ತೊಮ್ಮೆ ಕೆನರಾದ ಕ್ರೈಸ್ತರನ್ನು ಕಂಡು, ಮಲಬಾರಿನ ಮೂಲಕ ತೂತ್ತುಕುಡಿ ತಲುಪಿದರು.

ಗಂಜಿ ಕೊಟ್ಟ ತಾಯಿ, ಕೊರಳಿನ ಜಪಮಾಲೆ

1658ರಲ್ಲಿ ಜಾಫ್ನಾ ಡಚ್ಚರ ವಶವಾಗಿತ್ತು. ಕಥೋಲಿಕ ಯಾಜಕರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಯಾಜಕರಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ. ಆದ್ದರಿಂದ ಫಾ. ವಾಜ್ ಕೂಲಿಯಾಳಿನ ವೇಷದಲ್ಲಿ ದೋಣಿ ಹತ್ತಿದರು. ಪ್ರಯಾಣದಲ್ಲಿ ತೀವ್ರ ಭೇದಿ ಹಿಡಿಯಿತು. ದಡ ಸೇರಿದ ಮೇಲೆ ಸೋಂಕಿನ ಭಯದಿಂದ ಜನ ಹತ್ತಿರ ಬರಲಿಲ್ಲ. ಜನವಸತಿಯಿಂದ ಆಚೆ ಬಿದ್ದುಕೊಂಡಿದ್ದ ಈ ಇಬ್ಬರು ಅಪರಿಚಿತರಿಗೆ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಉಳಿಸಿದರೆಂದು ಅವರ ಜೀವನ ಚರಿತ್ರೆಯಲ್ಲಿದೆ. ಆ ತಾಯಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಒಂದು ಧರ್ಮಸಭೆ ಮತ್ತೆ ತಲೆ ಎತ್ತಿದ್ದರಲ್ಲಿ ಆಕೆಯ ಗಂಜಿಗೂ ಪಾಲಿದೆ.

ಚೇತರಿಸಿಕೊಂಡ ಮೇಲೆ ಒಂದು ಕಷ್ಟ ಎದುರಾಯಿತು. ಯಾರು ಕಥೋಲಿಕರು, ಯಾರು ಅಲ್ಲ ಎಂದು ತಿಳಿಯುವುದು ಹೇಗೆ? ಭಯದಿಂದ ಎಲ್ಲರೂ ವಿಶ್ವಾಸವನ್ನು ಬಚ್ಚಿಟ್ಟಿದ್ದರು. ಆಗ ಅವರು ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆ ಬೇಡುತ್ತ ಹೋದರು. ಜಪಮಾಲೆ ಕಂಡಾಗ ಯಾರ ಮುಖದಲ್ಲಿ ಬೆಳಕು ಮೂಡುತ್ತದೆ ಎಂದು ನೋಡುತ್ತಿದ್ದರು. ಹೀಗೆ ಒಂದೊಂದೇ ಮನೆಯಾಗಿ ಗುಪ್ತ ವಿಶ್ವಾಸಿಗಳು ಸಿಕ್ಕಿದರು. ಜಾಫ್ನಾ ಸಮೀಪದ ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ಆಶ್ರಯ ಕೊಟ್ಟಿತು. ರಾತ್ರಿ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ.

ಇಲ್ಲಿ ಒಂದು ಮಾತು ಹೇಳಬೇಕು. ಅಂತರಂಗವೇ ಮುಖ್ಯ ಎನ್ನುವಾಗ ಕೆಲವರು ಹೊರಗಿನ ಗುರುತುಗಳೇ ಬೇಡ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಂತ ವಾಜ್ ಹಾಗೆ ತಿಳಿದವರಲ್ಲ. ಜಪಮಾಲೆಯನ್ನು ಅವರು ಕೊರಳಲ್ಲೇ ಧರಿಸಿದರು. ಆದರೆ ಆ ಜಪಮಾಲೆ ಅವರಿಗೆ ಮರ್ಯಾದೆ ತರುವಂಥದ್ದಾಗಿರಲಿಲ್ಲ, ಸಿಕ್ಕಿಬಿದ್ದರೆ ಜೀವಕ್ಕೇ ಸಂಚಕಾರ. ಇನ್ನೊಬ್ಬರನ್ನು ಹುಡುಕಲು ಧರಿಸಿದ ಗುರುತು ಅದು. ನಮ್ಮ ಕೊರಳಿನ ಶಿಲುಬೆ, ಮನೆಯ ಪೀಠ, ಹಬ್ಬದ ಮೆರವಣಿಗೆ ಇವೆಲ್ಲಕ್ಕೂ ಇದೇ ಒರೆಗಲ್ಲು. ಅದು ಯಾರನ್ನಾದರೂ ಹುಡುಕಿಕೊಂಡು ಹೋಗುತ್ತಿದೆಯೇ, ಅಥವಾ ಎಲ್ಲರೂ ನಮ್ಮನ್ನು ನೋಡಲಿ ಎಂದು ನಿಂತಿದೆಯೇ?

ಸೆರೆಮನೆಯಿಂದ ಸಿಡುಬಿನ ಗುಡಿಸಲಿಗೆ

ಡಚ್ಚರ ಹುಡುಕಾಟ ಹೆಚ್ಚಿತು. 1689ರ ಕ್ರಿಸ್ಮಸ್ ಹೊತ್ತಿಗೆ ಜಾಫ್ನಾದಲ್ಲಿ ನೂರಾರು ಕಥೋಲಿಕರ ಬಂಧನವಾಯಿತು. ಫಾ. ವಾಜ್ 1690ರಲ್ಲಿ ಪುತ್ತಳಂಗೆ ಬಂದು, 1692ರಲ್ಲಿ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯರ ರಾಜಧಾನಿ ಕ್ಯಾಂಡಿಯನ್ನು ಪ್ರವೇಶಿಸಿದರು. ಪೋರ್ಚುಗೀಸರ ಗೂಢಚಾರ ಎಂಬ ಆರೋಪ ಹೊರಿಸಿ ಅವರನ್ನು, ಜೊತೆಗಿದ್ದವರನ್ನು ಸೆರೆಯಲ್ಲಿಟ್ಟರು. ಅವರು ಸೆರೆಯ ದಿನಗಳನ್ನು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ಕಾವಲಿನೊಳಗೇ ಒಂದು ಗುಡಿಸಲು ಪ್ರಾರ್ಥನಾಲಯವಾಯಿತು. ಇವರು ಗೂಢಚಾರರಲ್ಲ ಎಂಬುದು ಕಾವಲಿನವರಿಗೂ ಅರಸರಿಗೂ ಕ್ರಮೇಣ ಮನದಟ್ಟಾಯಿತು. ಅವರ ಪರವಾಗಿ ಸಾಕ್ಷಿ ಹೇಳಿದ್ದು ಅವರ ದಿನನಿತ್ಯದ ನಡತೆಯೇ.

1696ರ ಬರಗಾಲದಲ್ಲಿ ಅರಸರು ಮಳೆಗಾಗಿ ಪ್ರಾರ್ಥಿಸಲು ಕೇಳಿಕೊಂಡರೆಂದೂ, ಬಯಲಿನಲ್ಲಿ ಪೀಠ ನಿಲ್ಲಿಸಿ ಫಾ. ವಾಜ್ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ ಶ್ರೀಲಂಕಾದ ಕಥೋಲಿಕರು ಇಂದಿಗೂ ನೆನೆಯುತ್ತಾರೆ. ಆ ಬಳಿಕ ಅವರಿಗೆ ರಾಜ್ಯದಲ್ಲೆಲ್ಲ ಓಡಾಡುವ ಸ್ವಾತಂತ್ರ್ಯ ದೊರಕಿತು. ಆದರೆ ಅವರ ನಿಜವಾದ ಪರೀಕ್ಷೆ ಬಂದದ್ದು 1697ರಲ್ಲಿ.

ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ನಮ್ಮ ಹಳ್ಳಿಗಳಲ್ಲಿಯೂ ಸಿಡುಬಿನ ಕಾಲದ ಕಥೆಗಳನ್ನು ಹಿರಿಯರಿಂದ ಕೇಳಿದವರಿದ್ದಾರೆ. ಮನೆಯವರೇ ರೋಗಿಯನ್ನು ಬಿಟ್ಟು ಓಡಿಹೋಗುವಷ್ಟು ಭಯ. ಅರಸರು ರಾಜಧಾನಿ ಬಿಟ್ಟು ದೂರ ಹೋದರು. ರೋಗಿಗಳನ್ನು ಕಾಡಿಗೆ ಅಟ್ಟಲಾಯಿತು. ಫಾ. ವಾಜ್ ತಮ್ಮ ಸೋದರಳಿಯ ಫಾ. ಜೋಸೆಫ್ ಕಾರ್ವಾಲೊ ಅವರೊಂದಿಗೆ ಅಲ್ಲೇ ಉಳಿದರು. ಹೊರಗಟ್ಟಿದವರಿಗೆ ಗುಡಿಸಲು ಕಟ್ಟಿದರು. ಅನ್ನ, ನೀರು ಹೊತ್ತು ತಂದರು. ಹುಣ್ಣುಗಳನ್ನು ತೊಳೆದರು. ಸತ್ತವರಿಗೆ ತಾವೇ ಗುಂಡಿ ತೋಡಿ ಮಣ್ಣು ಮಾಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ.

ಸಿಡುಬು ತಣಿದಾಗ ಊರಿನ ಮನಸ್ಸು ಬದಲಾಗಿತ್ತು. ವರ್ಷಗಳ ಪ್ರವಚನದಿಂದ ಆಗದ ಕೆಲಸ ಆ ತಿಂಗಳುಗಳಲ್ಲಿ ಆಗಿತ್ತು. ಅರಸರೂ ಇದನ್ನು ಮೆಚ್ಚಿಕೊಂಡರು. ಹಸಿದವನಿಗೆ ಕೊಟ್ಟದ್ದು, ರೋಗಿಯ ಬಳಿ ಹೋದದ್ದು ತನಗೇ ಮಾಡಿದ್ದು ಎಂದು ಪ್ರಭು ಯೇಸು ಕಲಿಸಿದ್ದು ನಮಗೆಲ್ಲ ಬಾಯಿಪಾಠ. ಕ್ಯಾಂಡಿಯ ಜನ ಆ ಪಾಠವನ್ನು ಪುಸ್ತಕದಲ್ಲಿ ಓದಿರಲಿಲ್ಲ, ಕಣ್ಣಾರೆ ಕಂಡರು.

ಬೇಡವೆಂದ ಬಿರುದು, ಗುರುತಿಲ್ಲದ ಸಮಾಧಿ

ಗೋವಾದಿಂದ ಇನ್ನಷ್ಟು ಒರೆಟೋರಿಯನ್ ಯಾಜಕರು ಬಂದು ಸೇರಿಕೊಂಡರು. 1705ರಲ್ಲಿ ಬಂದ ಫಾ. ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಕಥೋಲಿಕ ಸಾಹಿತ್ಯದ ಪಿತಾಮಹರಾದರು. ಕೊಚ್ಚಿಯ ಧರ್ಮಾಧ್ಯಕ್ಷರು ಫಾ. ವಾಜ್ ಅವರನ್ನು ಶ್ರೀಲಂಕಾದ ವಿಕಾರ್ ಜನರಲ್ ಆಗಿ ನೇಮಿಸಿದ್ದರು. ಅದು ಹೊಣೆಯಾದ್ದರಿಂದ ಒಪ್ಪಿದ್ದರು. ಆದರೆ ಪೋಪರ ಪ್ರತಿನಿಧಿ ಮೈಯಾರ್ ದೆ ತೂರ್ನೋನ್ ಅವರು ಫಾ. ವಾಜ್ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಬಯಸಿದಾಗ, ಅವರು ವಿನಯದಿಂದ ಬೇಡವೆಂದರು. ಅಧಿಕಾರಕ್ಕಾಗಿ ದೊಡ್ಡವರು ಕಾದಾಡಿದರೆ ಸಣ್ಣವರ ಗತಿ ಏನಾಗುತ್ತದೆ ಎಂಬುದನ್ನು ಅವರು ಕೆನರಾದಲ್ಲಿ ಕಣ್ಣಾರೆ ಕಂಡವರು.

ನಿರಂತರ ನಡಿಗೆ, ಉಪವಾಸ, ಕಾಡಿನ ಜ್ವರಗಳಿಂದ ದೇಹ ಸೋತಿತ್ತು. 1710ರಲ್ಲಿ ಕೊನೆಯ ಪ್ರಯಾಣದಿಂದ ಕ್ಯಾಂಡಿಗೆ ಮರಳಿದವರು ಮತ್ತೆ ಹೊರಡಲಾಗಲಿಲ್ಲ. ಬಾಳಿಡೀ ಮಾಡದೆ ಬಿಟ್ಟದ್ದನ್ನು ಸಾಯುವ ಗಳಿಗೆಯಲ್ಲಿ ಮಾಡುವುದು ಕಷ್ಟ ಎಂದು, ಸುತ್ತ ನೆರೆದವರಿಗೆ ಕೊನೆಯದಾಗಿ ತಿಳಿಹೇಳಿದರಂತೆ. 1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ ಪ್ರಭುವಿನ ಬಳಿಗೆ ಹೋದರು. ಕ್ಯಾಂಡಿಯ ಚರ್ಚಿನಲ್ಲಿ ಸಮಾಧಿಯಾಯಿತು. ಕಾಲಾಂತರದಲ್ಲಿ ಆ ಸ್ಥಳದ ಗುರುತೂ ಅಳಿದುಹೋಯಿತು. ತಮ್ಮ ಗುರುತನ್ನು ಬಚ್ಚಿಟ್ಟುಕೊಂಡು ಬದುಕಿದವರಿಗೆ ಸಮಾಧಿಯ ಗುರುತೂ ಉಳಿಯಲಿಲ್ಲ.

ಜಗದ್ಗುರು ಎರಡನೇ ಜಾನ್ ಪಾವ್ಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು, ಅದೇ ಕೊಲಂಬೊದ ಕಡಲತೀರದ ಬಯಲಿನಲ್ಲಿ, ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಸಂತ ಪದವಿಗೆ ವಾಡಿಕೆಯಾಗಿ ಬೇಕಾದ ಎರಡನೆಯ ಪವಾಡವನ್ನು ಜಗದ್ಗುರುಗಳು ಕೇಳಲಿಲ್ಲ. ಅವರ ಬದುಕೇ ಸಾಕು ಎಂಬಂತಿತ್ತು ಆ ನಿರ್ಧಾರ. ಸತ್ತು 304 ವರ್ಷಗಳಾಗಿದ್ದವು.

ನಮ್ಮ ಧರ್ಮಕೇಂದ್ರಗಳಲ್ಲಿ

2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆ ನಮ್ಮ ಭಾಗದ ಚರ್ಚುಗಳಲ್ಲಿ ಬಹಳಷ್ಟು ಒಳ್ಳೆಯ ಬೆಳವಣಿಗೆಗಳಾಗಿವೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಸದ್ದಿಲ್ಲದೆ ಬಡವರ ಮನೆಗೆ ಅಕ್ಕಿ, ಔಷಧಿ ಮುಟ್ಟಿಸುತ್ತಾರೆ. ಧರ್ಮಭಗಿನಿಯರು ರೋಗಿಗಳ ಮನೆಗೆ ಹೋಗುತ್ತಾರೆ. ಚರ್ಚಿನ ಅಂಗಳ ಗುಡಿಸುವ, ಗಂಟೆ ಹೊಡೆಯುವ ಮಿರ್ನ್ಯಾರ ಯಾವ ಫೋಟೊದಲ್ಲೂ ಕಾಣುವುದಿಲ್ಲ. ಸಂತ ವಾಜ್ ಅವರ ನಿಜವಾದ ಸಂಗಾತಿಗಳು ಇವರು.

ಅದರ ಜೊತೆಗೇ ಇನ್ನೊಂದು ಚಿತ್ರವೂ ಇದೆ. ತೆರಾಲಿ ಹಬ್ಬದ ದೀಪಾಲಂಕಾರ ಪಕ್ಕದ ಚರ್ಚಿಗಿಂತ ಒಂದು ಕೈ ಮೇಲಿರಬೇಕು ಎಂಬ ಪೈಪೋಟಿ. ಫಲಕದಲ್ಲಿ ದಾನಿಗಳ ಹೆಸರು ಬಿಟ್ಟುಹೋದರೆ ವರ್ಷಗಟ್ಟಲೆ ಮುನಿಸು. ಮೆರವಣಿಗೆಯಲ್ಲಿ ಯಾರು ಮುಂದೆ, ವೇದಿಕೆಯಲ್ಲಿ ಯಾರ ಕುರ್ಚಿ ಎಲ್ಲಿ ಎಂಬ ವಾದ. ಧರ್ಮಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಹಬ್ಬ ಬೇಡ ಎಂದು ಯಾರೂ ಹೇಳುವುದಿಲ್ಲ. ಹಬ್ಬದ ಸಂತೋಷ ಬಡವನ ಹಕ್ಕು ಕೂಡ. ಆದರೆ ಹಬ್ಬದ ದಿನ ಚರ್ಚಿಗೆ ಬರಲಾಗದೆ ಹಾಸಿಗೆ ಹಿಡಿದವರು ಪ್ರತಿ ವಾಳೆಯಲ್ಲೂ ಇದ್ದಾರೆ. ಮಕ್ಕಳು ಮುಂಬಯಿಯಲ್ಲಿ, ಗಲ್ಫಿನಲ್ಲಿ ದುಡಿಯುತ್ತಿರುವಾಗ ದೊಡ್ಡ ಮನೆಯಲ್ಲಿ ಒಂಟಿಯಾಗಿ ಕುಳಿತ ಹಿರಿಯರಿದ್ದಾರೆ. ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಕೂಲಿಗೆ ಬಂದು ಶೆಡ್ಡುಗಳಲ್ಲಿ ಇರುವವರಿದ್ದಾರೆ. ಅವರಲ್ಲಿ ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಂತು ಹೋಗುವವರೂ ಇರಬಹುದು. ಜೋಸೆಫ್ ವಾಜ್ ಜಾಫ್ನಾಕ್ಕೆ ಬಂದದ್ದು ಅಂಥದೇ ಕೂಲಿಯಾಳಾಗಿ. ಇಂದು ನಮ್ಮ ಚರ್ಚಿಗೆ ಹಾಗೆ ಬಂದರೆ ನಾವು ಅವರಿಗೆ ಯಾವ ಬೆಂಚಿನಲ್ಲಿ ಜಾಗ ಕೊಡುತ್ತೇವೆ?

ಮುಂದಿನ ಜನವರಿ 16ಕ್ಕೆ ಪ್ರತಿ ವಾಳೆಯೂ ಒಂದು ಸಣ್ಣ ಕೆಲಸ ಮಾಡಬಹುದು. ಹೂಮಾಲೆ ಹಾಕುವ ಮೊದಲು, ವರ್ಷವಿಡೀ ಯಾರೂ ಹೋಗದ ಒಂದು ಮನೆಯನ್ನು ಹುಡುಕಿ ಹೋಗಿ ಬರಲಿ. ಫೋಟೊ ಬೇಡ, ವರದಿ ಬೇಡ, ನಮಗೆ ಕಳುಹಿಸುವುದೂ ಬೇಡ. ಬರಿಗಾಲಿನ ಆ ಧರ್ಮಗುರು ನಮ್ಮ ಹೊಳೆಗಳನ್ನು ದಾಟಿ ಹೋದದ್ದು ಅಂಥ ಮನೆಗಳಿಗೇ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.